ಶೇಖರನ ಪಾಲು

ಕುಂದಾಪುರ
6 ನವೆಂಬರ್ 1998

ರವಿರಾಜ್ ಅವರಿಗೆ ನಮಸ್ಕಾರ.

ಭಾನುವಾರ ಬಸ್ರೂರಿನಲ್ಲಿ ನಮ್ಮ ಬ್ಯಾಂಡಿನ ಪ್ರಾಕ್ಟೀಸಿಗೆ ಹೇಗೂ ಸಿಗುವವಳು ಕಾಗದ ಯಾಕೆ ಬರೆದಳು ಎಂದು ನಿಮಗೆ ಅನ್ನಿಸಬಹುದು. ಎದುರಿಗೆ ಹೇಳಲು ಹೋದರೆ ಅಕ್ಷಯ್ ಗಿಟಾರ್ ಬಾರಿಸಿ ನನ್ನ ಮಾತನ್ನು ಮುಚ್ಚಿಹಾಕುತ್ತಾನೆ. ದೇವಸ್ಥಾನದ ಹಳೆಯ ಲೌಡ್ ಸ್ಪೀಕರಿನ ಆಂಪ್ಲಿಫೈಯರಿಗೆ ಗಿಟಾರ್ ಸಿಕ್ಕಿಸಿದ ಮೇಲಂತೂ ಅವನಿಗೆ ಬೇರೆಯವರ ಮಾತೇ ಬೇಡ.

ನಾನು ಬರೆದುಕೊಟ್ಟ ಇಂಗ್ಲಿಷ್ ಸಾಲುಗಳನ್ನು ನೀವು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಒಂದು ತಕರಾರೂ ಇಲ್ಲದೆ ಮೂರು ಭಾನುವಾರ ಹೇಳಿದಿರಿ. ಬಾಗಿಲ ಬಳಿ ತಮ್ಮ ಮುಂಬಯಿಯ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ನಿಮ್ಮ ಅಣ್ಣ ಶೇಖರ ಕೊನೆಗೆ ಏನು ಹೇಳಿದರು ನೆನಪಿದೆಯಲ್ಲ? "ಇದ್ ನಮ್ ತಮ್ಮ ಹೇಳ್ದಾಂಗ್ ಇಲ್ಲೆ ಮಾರಾಯ್ರೆ. ಇಂಗ್ಲಿಷ್ ಟೀಚರ್ ಅವ್ನ್ ಬಾಯಗ್ ಕೂಕಂಡ್ ಹೇಳ್ದಾಂಗ್ ಇತ್." ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಬಸ್ಸಿನಲ್ಲಿ ಮಾತ್ರ ಸಿಟ್ಟು ಬಂತು. ಮನೆಗೆ ಬಂದು ಕೈಕಾಲು ತೊಳೆಯುವಾಗ ಅವರು ಹೇಳಿದ್ದು ಸರಿ ಎಂದು ಒಪ್ಪಿಕೊಂಡೆ.

ನಾನು ಓದಿದ ಕಾನ್ವೆಂಟಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಕೀಬೋರ್ಡ್ ಕಲಿತದ್ದೂ ಅಲ್ಲೇ. ಹಾಗಾಗಿ ಜೋರಾದ ಹಾಡು ಅಂದರೆ ಇಂಗ್ಲಿಷಿನದ್ದೇ ಎಂದು ನನ್ನ ತಲೆಯಲ್ಲಿತ್ತು. ಶೇಖರ ಮುಂಬಯಿಯ ಫುಟ್‌ಪಾತಿನಿಂದ ತಂದ, ಮಾತಿನ ಹಾಗೆ ಹಾಡು ಹೇಳುವ ಆ ಕ್ಯಾಸೆಟ್ಟನ್ನು ಕೇಳಿದಾಗಲೂ ಅದರ ಗಿಟಾರ್, ಅದರ ಬೈಗುಳ, ಅದರ ವೇಗವನ್ನು ನಕಲು ಮಾಡಬೇಕೆಂದೇ ತೋಚಿತು. ಮೊನ್ನೆ ಬುಧವಾರ ಶಾಲೆಗೆ ರಜೆ ಹಾಕಿ ಉಪ್ಪುಂದಕ್ಕೆ ಬಂದಿದ್ದೆ. ನಿಮಗೆ ಹೇಳಿರಲಿಲ್ಲ. ನಿಮ್ಮ ಅಮ್ಮ ಕಡಲ ಬದಿಯಲ್ಲಿ ಮೀನಿನ ಏಲ ಕೂಗುವುದನ್ನು ಕೇಳಲೆಂದೇ ಬಂದೆ. ಒಬ್ಬರ ಬೆಲೆಯ ಬಾಲವನ್ನು ಹಿಡಿದು ಇನ್ನೊಬ್ಬರ ಬೆಲೆ, ನಡುವೆ ಒಬ್ಬನಿಗೆ ತಮಾಷೆ, ಇನ್ನೊಬ್ಬಳಿಗೆ ಬೈಗುಳ, ಉಸಿರು ತೆಗೆದುಕೊಂಡದ್ದು ಯಾವಾಗ ಎಂದೇ ತಿಳಿಯಲಿಲ್ಲ. ನಾವು ಹುಡುಕುತ್ತಿದ್ದದ್ದು ಅದೇ.

ನನ್ನ ಸಾಲುಗಳನ್ನು ಹರಿದುಹಾಕಿ. ನೀವು ಬರೆಯಿರಿ, ನಿಮ್ಮ ಮಾತಿನಲ್ಲಿ. ನಾನು ತಾಳ ಹಿಡಿಯುತ್ತೇನೆ.

ಭಾನುವಾರ ಕಾಣುವ,
ನವ್ಯಾ


ಉಪ್ಪುಂದ
11 ನವೆಂಬರ್ 1998

ನವ್ಯಾ ಟೀಚರಿಗೆ,

ಕಾಗದ ತಲುಪಿತು. ನಮ್ಮ ಮನೆಗೆ ಕಾಗದ ಬರುವುದು ಸೊಸೈಟಿಯಿಂದ ಮಾತ್ರ. ಹಾಗಾಗಿ ಅಮ್ಮ ಅದನ್ನು ಒಡೆಯುವ ಮೊದಲು ದೇವರ ಮುಂದೆ ಇಟ್ಟಿದ್ದಳು.

ನಿಮ್ಮ ಸಾಲುಗಳನ್ನು ಹರಿಯಲಿಲ್ಲ, ಹಿಂದಿನ ಬದಿ ಖಾಲಿ ಇತ್ತು. ಅಲ್ಲೇ ಬರೆದಿದ್ದೇನೆ. ಎರಡು ಮೀನಿನ ಹೆಸರಿನಿಂದ, ಹೀಗೆ ಶುರುವಾಗುತ್ತದೆ:

ಬಂಗ್ಡಿ ಬಂತ್ ಕಾಣಿ, ಬೈಗಿ ಬಂತ್ ಕಾಣಿ,
ಬೆಲಿ ಕೇಂಡವ್ರ್ ಬಾಯ್ ಬಿಟ್ಕಂಡ್ ನಿಂತ್ರ್ ಕಾಣಿ,
ಕಡ್ಲಿಗ್ ಹೋದವ್ರ್ ಲೆಕ್ಕ ಕಾಗೆಗ್ ಗೊತ್ತಿತ್,
ಕೂತ್ ತಿಂಬವ್ರಿಗ್ ಮುಳ್ಳ್ ಮಾತ್ರ ಗೊತ್ತಿತ್.

ಇನ್ನೂ ಇದೆ. ಅಮ್ಮನಿಗೆ ಓದಿ ಹೇಳಿದೆ. ಅವಳು ಸುಮ್ಮನೆ ಕೇಳಿ, "ನಾನ್ ಮೀನ್ ಮಾರೂದ್ ಪದ್ಯ ಆಯ್ತಾ? ಹಂಗಾರೆ ಪದ್ಯ ಮಾರುಕೆ ನಿಮ್ಮನ್ನ್ ಬುಟ್ಟಿಯಗ್ ಕೂರ್ಸ್ಕಂಡ್ ಹೋಯ್ಕಾ?" ಅಂದಳು. ಅಣ್ಣ ನಗುತ್ತ ಹೊರಳಾಡಿದ. ಕ್ಯಾಸೆಟ್ ಮಾಡಿಸಲೇಬೇಕು ಎಂದು ಅವನು ಹಟ ಹಿಡಿದಿದ್ದಾನೆ. ಬ್ರಹ್ಮಾವರದಲ್ಲಿ ಪ್ರೇಮಾನಂದ ಎಂಬವರ ಸ್ಟುಡಿಯೋ ಇದೆಯಂತೆ, ಭಜನೆ, ಯಕ್ಷಗಾನ ಎಲ್ಲ ಅಲ್ಲೇ ರೆಕಾರ್ಡ್ ಆಗುವುದಂತೆ. ಹೆಸರನ್ನೂ ಅಣ್ಣನೇ ಇಟ್ಟಾಯಿತು: 'ಹೊಯ್ಗೆ'. ಮರಳಿಗೆ ನಿಮ್ಮಲ್ಲಿ ಏನು ಹೇಳುತ್ತಾರೋ, ನಮ್ಮಲ್ಲಿ ಹೊಯ್ಗೆಯೇ.

ಅವನು ಈ ಸೀಸನ್ನಿಗೆ ಮುಂಬಯಿಗೆ ಹೋಗುವುದಿಲ್ಲವಂತೆ. ಹೋಟೆಲಿನ ಕೆಲಸ ಬಿಟ್ಟು ನನ್ನ ಜೊತೆ, ಹತ್ತಾರು ಜನ ದಡದಿಂದ ಎಳೆಯುವ ಕೈರಂಪಣಿ ಬಲೆಗೆ ಸೇರಿದ್ದಾನೆ. ನಮ್ಮ ಹಾಡು ಮುಗಿಯುವವರೆಗೆ ಊರಲ್ಲೇ ಇರುತ್ತಾನೆ.

ನನ್ನನ್ನು ನೀವು ಎನ್ನುವುದು ಬೇಡ. ಬಲೆಯವರು ಕೇಳಿದರೆ ನಗುತ್ತಾರೆ.

ರವಿರಾಜ


ಕುಂದಾಪುರ
3 ಮಾರ್ಚ್ 1999

ರವಿರಾಜ್,

ಎರಡು ವಾರದಿಂದ ಬರೆಯಲು ಕೂತು ಏಳುತ್ತಿದ್ದೇನೆ. ಅಂದು ನಿಮ್ಮ ಮನೆಯಂಗಳದಲ್ಲಿ ಅಷ್ಟು ಜನರ ನಡುವೆ ನಿನ್ನನ್ನು ಕಂಡೆ. ನೀನು ನನ್ನನ್ನು ಕಂಡೆಯೋ ಇಲ್ಲವೋ ಗೊತ್ತಾಗಲಿಲ್ಲ. ಮಾತಾಡಿಸದೆ ಬಂದುಬಿಟ್ಟೆ. ಅದು ಸಂಕೋಚವೋ, ಹೆದರಿಕೆಯೋ ಎಂದು ಈಗಲೂ ಕೇಳಿಕೊಳ್ಳುತ್ತಿದ್ದೇನೆ.

ದೋಣಿ ಮಗುಚಿದ್ದು ದಡದಿಂದ ಕಾಣುವಷ್ಟು ಹತ್ತಿರದಲ್ಲಿ ಎಂದು ಯಾರೋ ಹೇಳುತ್ತಿದ್ದರು. ಅದನ್ನು ಕೇಳಬಾರದಿತ್ತು ಅನ್ನಿಸಿತು.

ಶೇಖರ ಮುಂಬಯಿಗೆ ಹೋಗದೆ ಊರಲ್ಲಿ ಉಳಿದದ್ದು ನಮ್ಮ ಹಾಡಿಗಾಗಿ. ಅದು ನನಗೆ ಗೊತ್ತಿದೆ. ಹೆಚ್ಚು ಬರೆಯಲಾರೆ.

ಕ್ಯಾಸೆಟ್ಟಿನ ವಿಷಯ ನಾನಾಗಿ ಎತ್ತುವುದಿಲ್ಲ. ಅಕ್ಷಯನಿಗೂ ಹೇಳಿದ್ದೇನೆ.

ನಿನ್ನ ಅಮ್ಮನಿಗೆ ನನ್ನ ನೆನಪು ಹೇಳು. ಬೇಡ ಅನ್ನಿಸಿದರೆ ಹೇಳಬೇಡ.

ನವ್ಯಾ


ಉಪ್ಪುಂದ
20 ಮಾರ್ಚ್ 1999

ನವ್ಯಾ,

ಮುಂದಿನ ಭಾನುವಾರ ಬೆಳಿಗ್ಗೆ ಏಳರೊಳಗೆ ಕಡಲ ಬದಿಗೆ ಬಾ. ಶಾಲೆಯ ಟೇಪ್ ರೆಕಾರ್ಡರ್ ಮತ್ತು ಹೊಸ ಕ್ಯಾಸೆಟ್ ತಾ. ಅಣ್ಣನ ರೆಕಾರ್ಡರಿನಲ್ಲಿ ರೆಕಾರ್ಡ್ ಮಾಡಲು ನನಗೆ ಕೈ ಬರುತ್ತಿಲ್ಲ.

ಯಾಕೆ ಅಂದರೆ, ಬಲೆ ಎಳೆದ ಮೇಲೆ ಮೀನನ್ನು ಹೊಯ್ಗೆಯ ಮೇಲೆ ಪಾಲು ಮಾಡುತ್ತಾರೆ. ಬಲೆಗೆ ಹಿರಿಯ ಸೂರಣ್ಣ. ಅವರು ಒಬ್ಬೊಬ್ಬರ ಹೆಸರು ಕರೆಯುತ್ತಾರೆ, ಕರೆಸಿಕೊಂಡವನು ಓ ಎಂದು ತನ್ನ ಪಾಲು ತೆಗೆದುಕೊಳ್ಳುತ್ತಾನೆ. ಜ್ವರ ಬಂದು ಮಲಗಿದವನ ಹೆಸರನ್ನೂ ಕರೆಯುತ್ತಾರೆ, ಅವನ ಮನೆಯವರು ಓ ಎನ್ನಬೇಕು. ಸೀಸನ್ನಿನ ನಡುವೆ ತೀರಿಹೋದವನಿಗೂ ಹಾಗೆಯೇ. ನಮ್ಮ ಬಲೆಯ ಪದ್ಧತಿ ಇದು, ಬೇರೆ ಬಲೆಯವರಲ್ಲಿ ಹೇಗೋ ಗೊತ್ತಿಲ್ಲ.

ಈಗ ಶೇಖರ ಎಂದು ಕರೆದಾಗ ಅಮ್ಮ ಓ ಅನ್ನುತ್ತಾಳೆ. ಏಲ ಕೂಗುವ ಗಂಟಲಲ್ಲ ಅದು. ಪಕ್ಕದಲ್ಲಿ ನಿಂತ ನನಗೇ ಸರಿಯಾಗಿ ಕೇಳುವುದಿಲ್ಲ.

ಅದು ನಮ್ಮ ಕ್ಯಾಸೆಟ್ಟಿನಲ್ಲಿ ಇರಬೇಕು, ಕೊನೆಯ ಹಾಡಾಗಿ. ಅಣ್ಣನಿಗಾಗಿ ಎಂದು ಬರೆಯುವುದು, ಫೋಟೋ ಹಾಕುವುದು ಎಲ್ಲ ಬೇಡ. ಅವನ ಹೆಸರು ಕರೆಯಲಿ, ಸಾಕು. ಅದರ ಮೇಲೆ ನಾನು ಬಾಯಿಗೆ ಬಂದದ್ದನ್ನು ಹೇಳುತ್ತೇನೆ. ಅಕ್ಷಯ ಗಿಟಾರನ್ನು ಮುರಿಯುವ ಹಾಗೆ ಬಾರಿಸಲಿ.

ಅಮ್ಮನಿಗೆ ಹೇಳಿದ್ದೇನೆ. ಅವಳು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ರವಿರಾಜ


ಕುಂದಾಪುರ
10 ಅಕ್ಟೋಬರ್ 1999

ರವಿರಾಜ್,

ನೀನು ಕೆಲಸಕ್ಕೆ ಸೇರಿದ ಮಲ್ಪೆಯ ಬೋಟಿನಲ್ಲಿ ಈಗ ಎಲ್ಲಿದ್ದೀಯೋ, ಈ ಕಾಗದ ನಿನ್ನ ಮನೆಯಲ್ಲಿ ಎಷ್ಟು ದಿನ ಕಾಯುತ್ತದೋ. ಆದರೂ ಇವತ್ತೇ ಬರೆಯಬೇಕು. ಹಾಡುಗಳು ಮುಗಿದವು. ಏಳೂ.

ನೀನು ಹಾಡಿ ಹೋದ ಮೇಲೆ ನಾನೂ ಅಕ್ಷಯನೂ ಒಂದು ವಾರ ದಿನವೂ ಪ್ರೇಮಾನಂದರ ಸ್ಟುಡಿಯೋಗೆ ಹೋದೆವು. ಅವರ ಎಲೆಕ್ಟ್ರಿಕಲ್ ಅಂಗಡಿಯ ಹಿಂದಿನ ಆ ಕೋಣೆಯ ಸೆಖೆ ನಿನಗೆ ಗೊತ್ತು. ಗೋಡೆ ತುಂಬ ಮೊಟ್ಟೆಯ ಟ್ರೇ, ಫ್ಯಾನ್ ಹಾಕಿದರೆ ಮೈಕಿಗೆ ಸದ್ದು, ಹೈವೇಯಲ್ಲಿ ಬಸ್ಸು ಹೋದರೆ ಮತ್ತೆ ಮೊದಲಿಂದ. ನಿನ್ನ ಹಾಡನ್ನು ಅವರು ಇನ್ನೂ ಒಪ್ಪಿಲ್ಲ. "ಇದ್ ಎಂತ, ತಾಳಮದ್ದಳೆ ಅರ್ಥ ಹೇಳೂದಾ, ಗಂಡ ಹೆಂಡ್ತಿ ಜಗಳವಾ?" ಎಂದು ಮತ್ತೆ ಕೇಳಿದರು. ಆದರೆ ಮೊನ್ನೆ ಅಂಗಡಿಗೆ ಬಂದ ಗಿರಾಕಿಗೆ ಬಲ್ಬ್ ಕೊಡುತ್ತ, "ಬೈಗಿ ಬಂತ್ ಕಾಣಿ" ಎಂದು ತಮ್ಮಷ್ಟಕ್ಕೆ ಗುನುಗುತ್ತಿದ್ದರು. ನಾನು ಕೇಳಿಸಿಕೊಂಡದ್ದು ಅವರಿಗೆ ತಿಳಿದಿಲ್ಲ.

ಕೊನೆಯ ಹಾಡಿನ ಬಗ್ಗೆ ಹೇಳಬೇಕು. ಕಡಲ ಬದಿಯಲ್ಲಿ ರೆಕಾರ್ಡ್ ಮಾಡಿದ್ದರಿಂದಲೇ ಶುರು ಮಾಡಿದ್ದೇವೆ. ಸೂರಣ್ಣನ ಕರೆ ಚೆನ್ನಾಗಿ ಬಂದಿದೆ. ಶೇಖರ ಎಂದಾದ ಮೇಲೆ ಅಮ್ಮನ ಓ ಮಾತ್ರ ಬಹಳ ಸಣ್ಣದು. ಗಾಳಿ ಮೈಕಿಗೆ ಹೊಡೆದ ಹಾಗೆ, ದೂರದಲ್ಲಿ ಯಾರೋ ಕೆಮ್ಮಿದ ಹಾಗೆ ಕೇಳುತ್ತದೆ. ಗೊತ್ತಿಲ್ಲದವರು ಅದನ್ನು ದೋಷ ಎಂದುಕೊಳ್ಳುತ್ತಾರೆ ಎಂದರು ಪ್ರೇಮಾನಂದ. ಎಷ್ಟು ಜೋರು ಮಾಡಿದರೂ ಅಲೆಯ ಸದ್ದೇ ಜೋರಾಯಿತು. ಕೊನೆಗೆ ಅದನ್ನು ತೆಗೆಸಿದೆ. ಈಗ ಶೇಖರನ ಹೆಸರಾದ ಮೇಲೆ ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಗಿಟಾರ್ ಬರುತ್ತದೆ, ಅದರ ಹಿಂದೆ ನೀನು. ಸೂರಣ್ಣ ಕರೆದ ಮುಂದಿನ ಹೆಸರುಗಳನ್ನೂ ತೆಗೆದುಹಾಕಿದ್ದೇವೆ. ಕೇಳುವಾಗ ಮೈ ಜುಮ್ಮೆನ್ನುತ್ತದೆ.

ನೀನು ದಡಕ್ಕೆ ಬರುವವರೆಗೆ ಕಾಯಬೇಕಿತ್ತೋ ಏನೋ. ಪ್ರೇಮಾನಂದರಲ್ಲಿ ಮರುದಿನದಿಂದ ಭಜನೆಯವರ ಬುಕಿಂಗ್ ಇತ್ತು. ಹೇಗೂ ಪೂರ್ತಿ ರೆಕಾರ್ಡಿಂಗಿನ ಕಾಪಿಯನ್ನು ಏಪ್ರಿಲಿನಲ್ಲೇ ಅಮ್ಮನಿಗೆ ಕೊಟ್ಟಿದ್ದೇನಲ್ಲ, ಅದರಲ್ಲಿ ಅವರ ಧ್ವನಿ ಇದ್ದೇ ಇದೆ ಎಂದು ಸಮಾಧಾನ ಮಾಡಿಕೊಂಡೆ.

ದಡ ಸೇರಿದ ಕೂಡಲೇ ಒಂದು ಸಾಲು ಬರೆ.

ನವ್ಯಾ


ಕುಂದಾಪುರ
27 ಜನವರಿ 2000

ರವಿರಾಜ್,

ಇದರ ಜೊತೆ ಆರು ಕ್ಯಾಸೆಟ್ ಇವೆ. ಮುಖಪುಟದ ಹಳದಿ ನಾವು ಅಂದುಕೊಂಡ ಹಳದಿಯಲ್ಲ, ಆದರೆ 'ಹೊಯ್ಗೆ' ಎಂದು ಕನ್ನಡದಲ್ಲಿ ದೊಡ್ಡದಾಗಿ ಕಾಣುತ್ತದೆ. ಕುಂದಾಪುರದ ಬಸ್ ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ ನಿನ್ನೆ ಹಾಕಿದ್ದರು. ನಾನು ಸ್ಕೂಟಿ ನಿಲ್ಲಿಸಿ, ಏನೂ ಗೊತ್ತಿಲ್ಲದವಳ ಹಾಗೆ ಎರಡು ಹಾಡು ಪೂರ್ತಿ ಕೇಳಿದೆ.

ಅಕ್ಟೋಬರಿನಿಂದ ನಿನ್ನದೊಂದು ಅಕ್ಷರ ಇಲ್ಲ. ಬೋಟಿನ ಕೆಲಸ ಎಂದುಕೊಂಡೆ. ದಡದಲ್ಲಿದ್ದೀಯೆಂದು ಅಕ್ಷಯ್ ಹೇಳುತ್ತಾನೆ. ನನ್ನಿಂದ ಏನಾದರೂ ತಪ್ಪಾಗಿದ್ದರೆ ಹೇಳು.

ನವ್ಯಾ


ಉಪ್ಪುಂದ
9 ಫೆಬ್ರವರಿ 2000

ನವ್ಯಾ,

ಕ್ಯಾಸೆಟ್ ತಲುಪಿದವು. ಚೆನ್ನಾಗಿ ಬಂದಿದೆ.

ಇನ್ನು ನಾನು ಪ್ರಾಕ್ಟೀಸಿಗೆ ಬರುವುದಿಲ್ಲ. ಬೇರೆ ಯಾರಾದರೂ ಸಿಕ್ಕಿದರೆ ಸೇರಿಸಿಕೊಳ್ಳಿ.

ರವಿರಾಜ


ಬ್ರಹ್ಮಾವರ
14 ಜುಲೈ 2013

ರವಿರಾಜ್ ಅವರಿಗೆ,

ಹದಿಮೂರು ವರ್ಷದ ಮೇಲೆ ಕಾಗದ ಬರೆಯುವಾಗ ಹೇಗೆ ಕರೆಯಬೇಕೆಂದು ತಿಳಿಯದೆ ಮೊದಲಿನ ಹಾಗೆ 'ನೀವು' ಎಂದೇ ಬರೆಯುತ್ತಿದ್ದೇನೆ. ನಿಮ್ಮ ಫೋನ್ ನಂಬರನ್ನು ಅಕ್ಷಯ್ ಕೊಟ್ಟಿದ್ದಾನೆ. ಎರಡು ಸಲ ಒತ್ತಿ, ರಿಂಗ್ ಆಗುವ ಮೊದಲೇ ನಿಲ್ಲಿಸಿದೆ. ನಮ್ಮ ನಡುವೆ ಏನಿದ್ದರೂ ಅದು ಕಾಗದದಲ್ಲೇ ಇದ್ದದ್ದು, ಇದೂ ಹಾಗೇ ಇರಲಿ ಅನ್ನಿಸಿತು.

ನಾನೀಗ ಇಲ್ಲೇ ಬ್ರಹ್ಮಾವರದ ಶಾಲೆಯಲ್ಲಿದ್ದೇನೆ. ಮಕ್ಕಳು ಕಾರಿಡಾರಿನಲ್ಲಿ ಕನ್ನಡ ಮಾತಾಡಿದರೆ ಕೇಳಿಸದವಳ ಹಾಗೆ ನಡೆದುಹೋಗುತ್ತೇನೆ, ನನ್ನಿಂದಾದದ್ದು ಅಷ್ಟೇ. ಅಕ್ಷಯ್ ಹಟ್ಟಿಯಂಗಡಿಯಲ್ಲಿ ಮದುವೆಗಳಿಗೆ ಸೌಂಡ್ಸ್ ಬಾಡಿಗೆಗೆ ಕೊಡುತ್ತಾನೆ. ಹೊಟ್ಟೆ ಬಂದಿದೆ.

ವಿಷಯ ಏನೆಂದರೆ, ಮುಂಬಯಿಯಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ಮತ್ತೆ ಹೊರತರುವ ಒಂದು ಸಣ್ಣ ಕಂಪನಿಯವರಿಗೆ 'ಹೊಯ್ಗೆ' ಸಿಕ್ಕಿದೆ. ಇಷ್ಟು ಹಿಂದೆಯೇ ಇಂಥ ಹಾಡನ್ನು ಕನ್ನಡದಲ್ಲಿ, ಅದೂ ಕುಂದಾಪ್ರದ ಮಾತಿನಲ್ಲಿ ಮಾಡಿದವರಿದ್ದರೇ ಎಂದು ಅವರಿಗೆ ಆಶ್ಚರ್ಯ. ಸಿ.ಡಿ. ಮಾಡುತ್ತಾರಂತೆ, ಇಂಟರ್‌ನೆಟ್ಟಿನಲ್ಲೂ ಹಾಕುತ್ತಾರಂತೆ. ಮೂವರ ಸಹಿಯೂ ಬೇಕು. ಒಪ್ಪಿಗೆ ಪತ್ರ ಇದರೊಳಗಿದೆ.

ಆ ಕಾಲವನ್ನು ನಾನು ಯಾರ ಹತ್ತಿರವೂ ಹೆಚ್ಚು ಹೇಳಿಕೊಂಡಿಲ್ಲ. ಗಂಡನಿಗೆ ಕ್ಯಾಸೆಟ್ ತೋರಿಸಿದ್ದೇನೆ, ಕೇಳಿಸಿಲ್ಲ. ಆದರೆ ಬಸ್ರೂರಿನ ಆ ಭಾನುವಾರಗಳು, ಕರೆಂಟು ಹೋದಾಗ ನೀವು ಬರೀ ಬಾಯಲ್ಲಿ ಹಾಡು ಮುಂದುವರಿಸಿದ್ದು, ಅಕ್ಷಯನ ಅಜ್ಜಿ ಬಂದು ಯಾರಿಗೆ ಯಾರು ಬೈಯುತ್ತಿದ್ದಾರೆಂದು ವಿಚಾರಿಸಿದ್ದು, ವಾಪಸು ಬರುವ ಬಸ್ಸಿನಲ್ಲಿ ಕಿವಿ ಗುಂಯ್‌ಗುಟ್ಟುತ್ತಿದ್ದದ್ದು. ಅಷ್ಟು ಸಂತೋಷ ನನಗೆ ಮತ್ತೆಲ್ಲೂ ಸಿಗಲಿಲ್ಲ ಎಂದು ಬರೆದರೆ ಈಗಿನ ನನ್ನ ಬದುಕಿಗೆ ಅನ್ಯಾಯವಾದೀತು. ಆದರೂ ಬರೆದೆ.

ಇನ್ನೊಂದು ಮಾತು. ನೀವು ಯಾಕೆ ದೂರವಾದಿರಿ ಎಂದು ನನಗೆ ಗೊತ್ತಿದೆ ಅಂದುಕೊಂಡಿದ್ದೇನೆ. ಕರೆದ ಹೆಸರಿಗೆ ಉತ್ತರ ಇಲ್ಲದ ಹಾಗೆ ಮಾಡಿದೆ. ಒಬ್ಬ ತಾಯಿ ಸತ್ತ ಮಗನ ಪರವಾಗಿ ಆಡಿದ ಒಂದಕ್ಷರವನ್ನು ಗಾಳಿಯ ಸದ್ದು ಎಂದು ಕತ್ತರಿಸಿದೆ. ನಾನು ಬೆಳೆದ ಮನೆಯಲ್ಲಿ, ಓದಿದ ಶಾಲೆಯಲ್ಲಿ, ಸ್ಪಷ್ಟವಾಗಿ ಕೇಳಿಸದ್ದು ಇಲ್ಲದ್ದಕ್ಕೆ ಸಮ ಎಂದೇ ಕಲಿತಿದ್ದೆ. ಕಡಲ ಬದಿಯ ಮೂಲ ಕ್ಯಾಸೆಟ್ ನನ್ನಲ್ಲಿದೆ. ಈಗಿನ ಯಂತ್ರಗಳಲ್ಲಿ ಗಾಳಿಯನ್ನು ತೆಗೆದು ಧ್ವನಿಯನ್ನು ಮಾತ್ರ ಎತ್ತಬಹುದಂತೆ. ಅಮ್ಮನ ಓ ಅದರ ಜಾಗಕ್ಕೆ ವಾಪಸು ಬರಬೇಕು. ಅವರು ಇರುವಾಗಲೇ ಅದು ಆಗಬೇಕೆಂದು ನನ್ನಾಸೆ.

ಉತ್ತರ ಬರೆಯಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ.

ನವ್ಯಾ


ಉಪ್ಪುಂದ
2 ಆಗಸ್ಟ್ 2013

ನವ್ಯಾ,

ನನಗೆ ನೀನು ನೀನೇ. ಸಿಟ್ಟಿನಲ್ಲಿ ಇದ್ದಾಗಲೂ ಮನಸ್ಸಿನೊಳಗೆ ನೀನು ಎಂದೇ ಬೈಯುತ್ತಿದ್ದೆ.

ಸಹಿ ಹಾಕುವುದಿಲ್ಲ. ಯಾಕೆಂದು ಹೇಳುತ್ತೇನೆ. ಅಂದೇ ಹೇಳಬೇಕಿತ್ತು.

ನಮ್ಮ ಬಲೆಯ ಪದ್ಧತಿಯನ್ನು ನಿನಗೆ ಬರೆದಾಗ ಅರ್ಧ ಮಾತ್ರ ಬರೆದಿದ್ದೆ. ತೀರಿಹೋದವನ ಹೆಸರನ್ನು ಕರೆಯುವುದು ಆ ಸೀಸನ್ನಿನ ಕೊನೆಯ ಬಲೆಯವರೆಗೆ ಮಾತ್ರ. ಮಳೆಗಾಲಕ್ಕೆ ಮೊದಲು, ಕೊನೆಯ ದಿನ, ಹೆಸರು ಕರೆದಾಗ ಮನೆಯವರು ಓ ಅಂದ ಮೇಲೆ ಇನ್ನೊಂದು ಮಾತು ಹೇಳಬೇಕು. ಸಂದಿತ್ ಎಂದು. ಅವನಿಗೆ ಬರಬೇಕಾದ್ದೆಲ್ಲ ಬಂತು, ಇನ್ನು ಕರೆಯಬೇಡಿ ಎಂದು ಅರ್ಥ. ಅಲ್ಲಿಗೆ ಅವನನ್ನು ಕಳುಹಿಸಿಕೊಟ್ಟ ಹಾಗೆ.

ಆ ವರ್ಷ ಮೇ ತಿಂಗಳ ಕೊನೆಯ ಬಲೆಗೆ ಅಮ್ಮ ಬರಲೇ ಇಲ್ಲ. ಸೂರಣ್ಣ ಮನೆಯವರೆಗೆ ಬಂದು ಕರೆದ. ಅವಳು ನೀನು ಕೊಟ್ಟ ಕಾಪಿಯನ್ನು ಹಾಕಿಕೊಂಡು ಕೂತಿದ್ದಳು. "ಹ್ವಾಯ್ ಸೂರಣ್ಣ, ಅವ ಇದ್ರಗ್ ಇದ್ದ. ಇಪ್ಪವ್ನಿಗ್ ಸಂದಿತ್ ಅಂದ್ ಯಾರಾರೂ ಹೇಳ್ತ್ರಾ?" ಅಂದಳು. ಸೂರಣ್ಣ ನನ್ನ ಮುಖ ನೋಡಿ ಹೋದ. ಟೇಪ್ ತರಿಸಿದ್ದು ನಾನಲ್ಲವಾ.

ಆಮೇಲೆ ಕ್ಯಾಸೆಟ್ ಬಂತು. ನೀನು ಓ ತೆಗೆದು ಜಾಗ ಬಿಟ್ಟಿದ್ದೆ. ಮೊದಲ ದಿನ ಅವಳು ಅಡಿಗೆಮನೆಯಲ್ಲಿದ್ದಳು. ಶೇಖರ ಎಂದು ಸೂರಣ್ಣ ಕರೆದ. ಯಾರೂ ಓ ಅನ್ನಲಿಲ್ಲ. ಅವಳು ಒಳಗಿನಿಂದ ಓ ಅಂದಳು. ಅಳಲಿಲ್ಲ ಏನಿಲ್ಲ, ಮನೆಗೆ ಬಂದವರು ಕರೆದಾಗ ಅನ್ನುವ ಹಾಗೆ. ಅಂದಿನಿಂದ ದಿನವೂ ಸಂಜೆ ಮೀನು ಮಾರಿ ಬಂದು, ಕಾಲು ತೊಳೆದು, ಆ ಹಾಡು ಹಾಕುತ್ತಾಳೆ, ಓ ಅನ್ನುತ್ತಾಳೆ, ಬಂದ್ ಮಾಡುತ್ತಾಳೆ. ನಾನು ಗಂಟಲು ಹರಿದುಕೊಂಡು ಹೇಳಿದ್ದೆಲ್ಲ ಅದರ ನಂತರ ಬರುತ್ತದೆ. ಅದನ್ನು ಅವಳು ಇವತ್ತಿಗೂ ಕೇಳಿಲ್ಲ. ಒಂದು ಸಲ ನಾನು ಕ್ಯಾಸೆಟ್ ಅಡಗಿಸಿಟ್ಟೆ. ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ನಾನೇ ತೆಗೆದುಕೊಟ್ಟೆ.

ನೀನು ಹೇಳುತ್ತಿ, ಓ ಇಲ್ಲದ ಹಾಗೆ ಮಾಡಿದ್ದು ತಪ್ಪು ಅಂತ. ಅದಲ್ಲ. ಕರೆಯುವುದು ನಿಲ್ಲದ ಹಾಗೆ ಮಾಡಿದೆವಲ್ಲ, ಅದು. ಅದನ್ನು ಶುರು ಮಾಡಿದ್ದು ನೀನಲ್ಲ, ನಾನು. ನಿನ್ನ ಮುಖ ಕಂಡರೆ ನನಗೆ ಅದು ನೆನಪಾಗುತ್ತಿತ್ತು. ಅದಕ್ಕೆ ಬರುವುದನ್ನು ನಿಲ್ಲಿಸಿದೆ. ಸುಲಭವಾಯಿತು.

ನನಗೆ ಇಬ್ಬರು ಹೆಣ್ಣುಮಕ್ಕಳು. ಒಂದು ಸಂಜೆ ಸಣ್ಣವಳು ಅಜ್ಜಿಯ ಜೊತೆ ಸೇರಿ ಓ ಅಂದಳು. ಅವಳಿಗದು ಆಟ. ನಾನು ಊಟ ಬಿಟ್ಟು ಎದ್ದು ಹೋದೆ. ಹದಿನಾಲ್ಕು ವರ್ಷದಿಂದ ಈ ಮನೆಯಲ್ಲಿ ಕರೆಯುವುದು ಒಂದೇ ಹೆಸರು.

ಈಗ ಅದನ್ನು ಊರೆಲ್ಲ ಕೇಳುವ ಹಾಗೆ ಮಾಡುತ್ತೀರಾ? ಬೇಡ. ಬೇಕಾದರೆ ಆ ಹಾಡು ಬಿಟ್ಟು ಉಳಿದ ಆರನ್ನು ಹಾಕಲಿ.

ರವಿರಾಜ


ಬ್ರಹ್ಮಾವರ
18 ಆಗಸ್ಟ್ 2013

ರವಿರಾಜ್,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಹೇಳುವುದಿಲ್ಲ.

ಇಷ್ಟು ವರ್ಷ ನಾನು ಒಂದು ತಪ್ಪನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅದನ್ನು ಸರಿಪಡಿಸುವ ದಾರಿಯೂ ಗೊತ್ತಿತ್ತು. ಅದರಲ್ಲಿ ಒಂದು ರೀತಿಯ ಸುಖವೂ ಇತ್ತೆಂದು ಈಗ ತಿಳಿಯುತ್ತಿದೆ. ನಿಜವಾಗಿ ಆದದ್ದು ಬೇರೆ, ಅದು ನಿಮ್ಮ ಮನೆಯೊಳಗೆ ಪ್ರತಿ ಸಂಜೆ ಆಗುತ್ತಿತ್ತು, ನಾನು ಇಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕಾಪಿ ಕೊಟ್ಟ ದಿನ ಅಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಾಗ ನನಗೆ ಹೆಮ್ಮೆಯಾಗಿತ್ತು. ಅದನ್ನು ಹೇಗೆ ಮರೆಯಲಿ?

ಮುಂಬಯಿಯವರಿಗೆ ಸದ್ಯ ಬೇಡ ಎಂದು ಬರೆದಿದ್ದೇನೆ. ನೀನು ಹೇಳಿದಂತೆ ಆ ಹಾಡನ್ನು ಬಿಡುವುದಕ್ಕೂ ನಾನು ತಯಾರು.

ಆದರೆ ಒಂದು ಪ್ರಶ್ನೆ, ಸಿಟ್ಟಾಗಬೇಡ. ಆಗ ಅಮ್ಮನ ಓ ತೆಗೆಯುವಾಗ ನಾನು ಅವರನ್ನು ಕೇಳಲಿಲ್ಲ. ಟೇಪ್ ತರಿಸುವಾಗ ನೀನು ಹೇಳಿದೆ, ಅವರು ಹೂಂ ಅನ್ನುವವರೆಗೆ ಕಾಯಲಿಲ್ಲ. ಈಗ ಶೇಖರನ ಹೆಸರನ್ನು ತೆಗೆಯುವುದನ್ನೂ ನಾವಿಬ್ಬರೇ ಕಾಗದದಲ್ಲಿ ತೀರ್ಮಾನಿಸುತ್ತಿದ್ದೇವೆ. ಒಂದು ಸಲ ಅವರನ್ನು ಕೇಳು. ಅವರು ಏನು ಹೇಳಿದರೂ ನನಗೆ ಸರಿ.

ಮೂಲ ಕ್ಯಾಸೆಟ್ಟನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಬೇರೆಯಾಗಿ ಕಳುಹಿಸುತ್ತಿದ್ದೇನೆ. ಇಟ್ಟುಕೊಳ್ಳುವುದೋ, ಕಡಲಿಗೆ ಎಸೆಯುವುದೋ ನಿಮ್ಮ ಮನೆಯವರಿಗೆ ಬಿಟ್ಟದ್ದು. ನನ್ನ ಬೀರುವಿನಲ್ಲಿ ಅದು ಇರಬಾರದು.

ನವ್ಯಾ


ಉಪ್ಪುಂದ
6 ಅಕ್ಟೋಬರ್ 2013

ನವ್ಯಾ,

ಕೇಳಿದೆ. ಕೇಳಲು ಒಂದು ತಿಂಗಳು ಬೇಕಾಯಿತು.

ಕಂಪನಿ, ಸಿ.ಡಿ. ಅಂತೆಲ್ಲ ನಾನು ವಿವರಿಸುತ್ತಿದ್ದೆ, ಅಮ್ಮ ಬುಟ್ಟಿ ತೊಳೆಯುತ್ತಿದ್ದಳು. ತೊಳೆದು ಕವುಚಿ ಹಾಕಿ, "ಊರವ್ರೆಲ್ಲ ಕರೂಕ್ ಸುರು ಮಾಡ್ರೆ ಎಷ್ಟ್ ಸಲ ಅಂದ್ ಓ ಅಂಬೂದ್ ನಾನ್" ಅಂದಳು. ಮರುದಿನ ಬೆಳಿಗ್ಗೆ ತಾನಾಗಿಯೇ, ಆ ಬ್ರಹ್ಮಾವರದ ಅಂಗಡಿ ಇನ್ನೂ ಇದೆಯಾ ಎಂದು ಕೇಳಿದಳು.

ಹಾಗೆ ಮೊನ್ನೆ ಶುಕ್ರವಾರ ಬಂದಿದ್ದೆವು. ನಿನ್ನ ಶಾಲೆಯ ಎದುರೇ ಬಸ್ಸಿಳಿದೆವು. ನಿನ್ನನ್ನು ಕರೆಯುತ್ತೇನೆ ಅಂದದ್ದಕ್ಕೆ ಅವಳು ಬಿಡಲಿಲ್ಲ. "ಬ್ಯಾಡ. ಆ ಹೆಣ್ಣ್ ಅಳುಕೆ ಸುರು ಮಾಡ್ರೆ ನಂಗ್ ಹೇಳುಕೆ ಆತಿಲ್ಲೆ" ಅಂದಳು. ಬೇಜಾರು ಮಾಡಬೇಡ.

ಪ್ರೇಮಾನಂದಣ್ಣನ ತಲೆ ಪೂರ್ತಿ ಬೆಳ್ಳಗಾಗಿದೆ. ಈಗ ಹೆಚ್ಚಾಗಿ ಆಟೋದಲ್ಲಿ ಹೇಳಿಕೊಂಡು ಹೋಗುವ ಪ್ರಚಾರವನ್ನು ರೆಕಾರ್ಡ್ ಮಾಡುತ್ತಾರಂತೆ. ನನ್ನ ಗುರುತು ಹಿಡಿದರು. ನಿನ್ನ ಕ್ಯಾಸೆಟ್ಟನ್ನು ಹಾಕಲು ಹಳೆಯ ಡೆಕ್ಕನ್ನು ಧೂಳು ಒರೆಸಿ ತೆಗೆದರು. ಅಮ್ಮನಿಗೆ ಕುರ್ಚಿ ಕೊಟ್ಟರು, ಅವಳು ಕೂರಲಿಲ್ಲ. ಪಾಲು ತೆಗೆದುಕೊಳ್ಳುವಾಗ ಕೂರುವುದುಂಟಾ ಎಂದು ಕೇಳಿದಳು. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಮೈಕಿನ ಎದುರು ಸೆರಗು ಸಿಕ್ಕಿಸಿ ನಿಂತಳು.

ಟೇಪ್ ಓಡಿತು. ಅಲೆಯ ಸದ್ದು, ಕಾಗೆಗಳು, ಸೂರಣ್ಣನ ಆಗಿನ ಧ್ವನಿ. ಅವನು ತೀರಿಹೋಗಿ ಆರು ವರ್ಷ ಆಯಿತು. ಶೇಖರ ಎಂದು ಕರೆದ. ಟೇಪಿನೊಳಗೆ ಅಮ್ಮ ಓ ಅಂದಳು, ನೀನು ಹೇಳಿದ ಹಾಗೆ ಬಹಳ ಸಣ್ಣಗೆ. ಎದುರು ನಿಂತ ಅಮ್ಮನ ಬಾಯಿ ಅಲುಗಿತು, ಮಾತು ಬರಲಿಲ್ಲ. ಪ್ರೇಮಾನಂದಣ್ಣ ಹಿಂದಕ್ಕೆ ಓಡಿಸಿದರು. ಎರಡನೆಯ ಸಲವೂ ಅದೇ. ಸಾಕು, ಹೋಗುವ ಎಂದು ನಾನು ಹೇಳುವುದರಲ್ಲಿದ್ದೆ. ಅವಳು ಕೈ ಎತ್ತಿ ಸುಮ್ಮನಿರಿಸಿದಳು, ಏಲದಲ್ಲಿ ಗಲಾಟೆ ಮಾಡುವವರನ್ನು ಸುಮ್ಮನಿರಿಸುವ ಹಾಗೆ.

ಮೂರನೆಯ ಸಲ ಹೇಳಿದಳು. "ಸಂದಿತ್."

ಏಲ ಕೂಗುವ ಗಂಟಲಲ್ಲಿ ಹೇಳಿದಳು. ಪ್ರೇಮಾನಂದಣ್ಣ ಕಿವಿಯಿಂದ ಹೆಡ್‌ಫೋನ್ ತೆಗೆದರು.

ಟೇಪ್ ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ. ಅದು ಓಡುತ್ತಲೇ ಇತ್ತು. ಸೂರಣ್ಣ ಮುಂದಿನ ಹೆಸರು ಕರೆದ. ರವಿರಾಜ. ಇಪ್ಪತ್ತೈದರ ವಯಸ್ಸಿನ ನನ್ನ ಧ್ವನಿ ಓ ಅಂದಿತು, ದೊಡ್ಡದಾಗಿ, ಯಾರ ಮೇಲೋ ಸಿಟ್ಟು ಬಂದವನ ಹಾಗೆ. ಅಮ್ಮ ತಿರುಗಿ ನನ್ನನ್ನು ನೋಡಿದಳು. ಮನೆಯ ಕಾಪಿಯಲ್ಲೂ ಅದು ಇತ್ತು. ಅವಳು ಟೇಪನ್ನು ಅಲ್ಲಿಯವರೆಗೆ ಓಡಲು ಯಾವತ್ತೂ ಬಿಟ್ಟಿರಲಿಲ್ಲ.

"ನಿನ್ನ್ ಹೆಸ್ರೂ ಇದ್ದಿತ್ತಾ ಮಗಾ ಇದ್ರಗೆ?"

ಇತ್ತಮ್ಮ, ಅಂದೆ.

ಸಹಿ ಮಾಡಿದ ಕಾಗದ ಇದರೊಳಗಿದೆ. ಏಳೂ ಹಾಡು ಹಾಕಲಿ. ಕೊನೆಯ ಹಾಡನ್ನು ಅಮ್ಮ ನಿನ್ನೆ ಸಂಜೆ ಪೂರ್ತಿ ಕೇಳಿದಳು. ನಾನು ಬಹಳ ಬೈಗುಳ ಹಾಕಿದ್ದೇನಂತೆ.

ರವಿರಾಜ